ಮನೆಯಿಂದ ಕೆಲಸ ಹುಡುಕಿದ ಐದು ದಾರಿ: ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು

ಎಂಟು ತಿಂಗಳು ಮನೆಯಿಂದ ಮಾಡುವ ಕೆಲಸ ಹುಡುಕಿದೆ. ಹುಡುಕುವುದೇ ಒಂದು ಕೆಲಸ ಆಗಿಬಿಟ್ಟಿತ್ತು, ಸಂಬಳ ಮಾತ್ರ ಇರಲಿಲ್ಲ. ನನ್ನ ಹತ್ತಿರ ಇದ್ದ ಬಂಡವಾಳ ಇಷ್ಟೇ: ಬೇಗ ಟೈಪ್ ಮಾಡುತ್ತೇನೆ, ಎರಡು ಭಾಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತೇನೆ, ಸಿಟ್ಟಾದ ಗ್ರಾಹಕರ ಜೊತೆ ತಾಳ್ಮೆಯಿಂದ ಮಾತಾಡುತ್ತೇನೆ. ಕೋಡಿಂಗ್ ಬರಲ್ಲ, ಡಿಸೈನ್ ಬರಲ್ಲ.

ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಯಾವ ದಾರಿಗೆ ಎಷ್ಟು ಗಂಟೆ ಹೋಯಿತು, ಏನು ಬಂತು ಅಂತ ಬರೆಯುತ್ತಿದ್ದೆ. ಅದರಲ್ಲಿ ಇನ್ನೊಂದು ಕಾಲಂ ಇತ್ತು: ‘ಅವರು ನನ್ನನ್ನು ಏನು ಕೇಳಿದರು?’ ಸುಮ್ನೆ ಹಾಕಿಕೊಂಡ ಕಾಲಂ. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಐದು ದಾರಿಗೂ ಮೊದಲು, ಲೆಕ್ಕಕ್ಕೆ ಸೇರದ ಒಂದನ್ನು ಹೇಳಿಬಿಡುತ್ತೇನೆ. ಅದನ್ನು ನಾನು ಹುಡುಕಲಿಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬಂತು. ವಾಟ್ಸಾಪ್‌ನಲ್ಲಿ ಮೆಸೇಜ್: ದಿನಕ್ಕೆ ಒಂದು ಗಂಟೆ, ವಿಡಿಯೋಗಳಿಗೆ ಲೈಕ್ ಒತ್ತಿದರೆ ಸಾಕು. ಮೋಸ ಅನ್ನುವ ಅನುಮಾನ ಇತ್ತು, ಆದರೂ ಹೇಗೆ ನಡೆಯುತ್ತೆ ನೋಡೋಣ ಅಂತ ಹೋದೆ. (ನೀವು ಹೋಗಬೇಡಿ. ನನ್ನದು ಕೆಟ್ಟ ಕುತೂಹಲ.) ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಮೊದಲ ದಿನ ಮೂರು ಲೈಕ್ ಒತ್ತಿದ್ದಕ್ಕೆ ಚಿಲ್ಲರೆ ಹಣ ನಿಜವಾಗಿಯೂ ಖಾತೆಗೆ ಬಂತು. ಒಂದು ಕ್ಷಣ ಮನಸ್ಸು ಅಲ್ಲಾಡಿದ್ದು ಸುಳ್ಳಲ್ಲ. ಎರಡನೇ ದಿನ ‘ಪ್ರೀಪೇಯ್ಡ್ ಟಾಸ್ಕ್’ ಬಂತು. ಮೊದಲು ನೀವು ಹಣ ಹಾಕಿ, ಲಾಭ ಸೇರಿಸಿ ವಾಪಸ್ ಕೊಡುತ್ತೇವೆ ಅಂದರು. ಗುಂಪಿನಲ್ಲಿ ‘ನನಗೆ ಬಂತು’, ‘ನನಗೂ ಬಂತು’ ಅಂತ ಸ್ಕ್ರೀನ್‌ಶಾಟ್‌ಗಳ ಸುರಿಮಳೆ. ಎರಡನ್ನು ದೊಡ್ಡದು ಮಾಡಿ ನೋಡಿದೆ. ಹೆಸರು ಬೇರೆ, ಮೊತ್ತ ಬೇರೆ. ಆದರೆ ಎರಡರಲ್ಲೂ ಸಮಯ 11:07, ಬ್ಯಾಟರಿ 43. ಒಂದೇ ಫೋನು! ಅಲ್ಲಿಂದಲೇ ಎದ್ದು ಬಂದೆ.

ಹಣ ಹಾಕಿದವರಿಗೆ ಮುಂದೆ ಆಗುವುದು ಗೊತ್ತಿರುವುದೇ. ಪರದೆ ಮೇಲೆ ‘ನಿಮ್ಮ ಗಳಿಕೆ’ ಏರುತ್ತಾ ಹೋಗುತ್ತೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ, ಅದು ಕಟ್ಟಿ, ಇದು ಕಟ್ಟಿ ಅಂತ ಇನ್ನಷ್ಟು ಕೇಳುತ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಅಮೆರಿಕದಲ್ಲಿ ಗ್ರಾಹಕರ ದೂರು ನೋಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ಈ ಥರದ ಟಾಸ್ಕ್ ಮೋಸದ ದೂರುಗಳು 2023ರಲ್ಲಿ ಸುಮಾರು 5,000 ಬಂದಿದ್ದವು. 2024ರ ಮೊದಲ ಆರು ತಿಂಗಳಲ್ಲೇ ಅದು ಸುಮಾರು 20,000 ಆಯಿತು. ನನ್ನ ಕಾಲಂನಲ್ಲಿ ಇದರ ಎದುರು ಬರೆದದ್ದು: ‘ಏನೂ ಕೇಳಲಿಲ್ಲ. ಖಾತೆ ಸಂಖ್ಯೆ ಒಂದು ಬಿಟ್ಟು.’

ಈಗ ನಿಜವಾದ ದಾರಿಗಳು. ಎಲ್ಲರೂ ಮೊದಲು ಹೋಗುವುದು ಲಿಂಕ್ಡ್‌ಇನ್‌ಗೆ, ನಾನೂ ಹೋದೆ. ‘ರಿಮೋಟ್’, ಅಂದರೆ ಮನೆಯಿಂದಲೇ ಮಾಡುವ ಕೆಲಸ, ಅನ್ನುವ ಫಿಲ್ಟರ್ ಹಾಕಿ ‘ಈಸಿ ಅಪ್ಲೈ’ ಒತ್ತುತ್ತಾ ಹೋದರೆ ಒಂದು ಸಂಜೆಯಲ್ಲಿ 40 ಅರ್ಜಿ ಆಗುತ್ತೆ. ನನಗೆ ಸುಲಭ ಆದದ್ದು ಉಳಿದವರಿಗೂ ಸುಲಭ ತಾನೇ? ಒಂದೊಂದು ಕೆಲಸಕ್ಕೂ ಅರ್ಜಿಗಳ ರಾಶಿ. ಆ 40ರಲ್ಲಿ ನನಗೆ ಬಂದದ್ದು 2 ಉತ್ತರ, ಎರಡೂ ಯಂತ್ರ ಬರೆದದ್ದು. ಇನ್ನೊಂದು ತೊಂದರೆ, ಮೇಲೆ ರಿಮೋಟ್ ಅಂತ ಇರುತ್ತೆ, ಕೆಳಗೆ ಓದಿದರೆ ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು. ಪೂರ್ತಿ ಓದದೆ ಒತ್ತಬೇಡಿ.

ಇಲ್ಲಿಯೇ ಒಮ್ಮೆ ಯಾಮಾರುವುದರಲ್ಲಿದ್ದೆ. ಹೆಸರಾಂತ ಕಂಪನಿಯ ಹೆಸರಲ್ಲಿ ಮೇಲ್ ಬಂತು, ಆಫರ್ ಲೆಟರ್ ಸಮೇತ. ಲೋಗೊ ಸರಿ ಇತ್ತು, ಸಹಿ ಇತ್ತು. ಮೇಲ್ ವಿಳಾಸದಲ್ಲಿ ಕಂಪನಿ ಹೆಸರಿನ ನಂತರ ಒಂದು ಅಡ್ಡಗೆರೆ, ಆಮೇಲೆ ‘ಕೆರಿಯರ್ಸ್’ ಅನ್ನುವ ಪದ. ಆ ಅಡ್ಡಗೆರೆ ಕಂಪನಿಯ ನಿಜವಾದ ವಿಳಾಸದಲ್ಲಿ ಇರಲಿಲ್ಲ. ಲ್ಯಾಪ್‌ಟಾಪ್ ಕಳಿಸಲು ಠೇವಣಿ ಕೇಳಿದಾಗ ಪೂರ್ತಿ ಅರ್ಥ ಆಯಿತು. ಅಂದಿನಿಂದ ಒಂದು ಅಭ್ಯಾಸ: ಎಲ್ಲೇ ಕೆಲಸ ಕಂಡರೂ ಆ ಕಂಪನಿಯ ಸ್ವಂತ ಜಾಲತಾಣಕ್ಕೆ ಹೋಗಿ ಅಲ್ಲೂ ಅದೇ ಕೆಲಸ ಹಾಕಿದ್ದಾರಾ ಅಂತ ನೋಡುವುದು. ಎರಡು ನಿಮಿಷದ ಕೆಲಸ.

ಎರಡನೇ ದಾರಿ ಫ್ರೀಲಾನ್ಸ್ ಸಂತೆ, ಅಂದರೆ ಬಿಡಿ ಬಿಡಿ ಕೆಲಸ ಸಿಗುವ ತಾಣಗಳು. ಅಪ್‌ವರ್ಕ್, ಫೈವರ್ ಎರಡನ್ನೂ ಪ್ರಯತ್ನಿಸಿದೆ. ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ, ಅಲ್ಲ. ಅಪ್‌ವರ್ಕ್‌ನಲ್ಲಿ ಕೆಲಸ ಇರುವವರ ಬಾಗಿಲಿಗೆ ನಾವು ಹೋಗಬೇಕು. ಫೈವರ್‌ನಲ್ಲಿ ಅಂಗಡಿ ತೆರೆದು ಕೂರಬೇಕು, ಅವರೇ ಬರುತ್ತಾರೆ. ನನ್ನಂಥ ಸಂಕೋಚದವರಿಗೆ ಅಂಗಡಿಯೇ ವಾಸಿ ಅನ್ನಿಸಿತ್ತು. ಆದರೆ ಹೊಸ ಅಂಗಡಿಗೆ ಬೋಣಿ ಆಗಲು ಏಳು ವಾರ ಹಿಡಿಯಿತು.

ಅಪ್‌ವರ್ಕ್‌ನಲ್ಲಿ ಪ್ರತಿ ಅರ್ಜಿಗೂ ‘ಕನೆಕ್ಟ್ಸ್’ ಅನ್ನುವ ಟೋಕನ್ ಖರ್ಚಾಗುತ್ತೆ, ಮುಗಿದರೆ ದುಡ್ಡು ಕೊಟ್ಟು ಕೊಳ್ಳಬೇಕು. ಮಾತಾಡಿಸಲೂ ಕಾಸು! ಶುರುವಿನಲ್ಲಿ ಸಿಕ್ಕಸಿಕ್ಕಲ್ಲಿ ಸುರಿದು ಖಾಲಿ ಮಾಡಿಕೊಂಡೆ. ಆಮೇಲೆ ಕಣ್ಣು ತೆರೆಯಿತು. ಪ್ರತಿ ಕ್ಲೈಂಟ್ ಇದುವರೆಗೆ ಎಷ್ಟು ಖರ್ಚು ಮಾಡಿದ್ದಾರೆ, ಹಾಕಿದ ಕೆಲಸಗಳಲ್ಲಿ ಎಷ್ಟಕ್ಕೆ ನಿಜವಾಗಿ ಜನರನ್ನು ತೆಗೆದುಕೊಂಡಿದ್ದಾರೆ, ಹಣ ಕೊಡುವ ಮಾರ್ಗ ಪರಿಶೀಲನೆ ಆಗಿದೆಯಾ, ಎಲ್ಲ ಅಲ್ಲೇ ಕಾಣುತ್ತೆ. ಅದನ್ನು ನೋಡಿ ವಾರಕ್ಕೆ ನಾಲ್ಕೇ ನಾಲ್ಕು ಅರ್ಜಿ ಬರೆದೆ. ಮೂರನೇ ವಾರ ಕೆಲಸ ಸಿಕ್ಕಿತು. ಗಂಟೆ ಲೆಕ್ಕದ ಕೆಲಸದಲ್ಲಿ ಅಪ್‌ವರ್ಕ್‌ನ ಟ್ರ್ಯಾಕರ್ ಆ್ಯಪ್ ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುತ್ತೆ. ಮೊದಲು ಮುಜುಗರ ಆಯಿತು. ಆದರೆ ಆ ಚಿತ್ರಗಳೇ ನಮ್ಮ ಹಣಕ್ಕೆ ಸಾಕ್ಷಿ ಅಂತ ತಿಳಿದ ಮೇಲೆ ಒಪ್ಪಿಕೊಂಡೆ.

ಕತ್ತರಿ ಎರಡರಲ್ಲೂ ಇದೆ. ಫೈವರ್ ಗಳಿಕೆಯಲ್ಲಿ 20 ಶೇಕಡಾ ಹಿಡಿಯುತ್ತೆ, ಮೇಲಾಗಿ ಕೆಲಸ ಮುಗಿದ ಮೇಲೂ ಸಾಮಾನ್ಯವಾಗಿ 14 ದಿನ ಕಾಯಿಸುತ್ತೆ. ಅಪ್‌ವರ್ಕ್ 2025ರಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ 0ಯಿಂದ 15 ಶೇಕಡಾದವರೆಗೆ ಹಿಡಿಯುತ್ತೆ. ‘ಕಮಿಷನ್ ಉಳಿಸೋಣ, ಟೆಲಿಗ್ರಾಂಗೆ ಬನ್ನಿ’ ಅನ್ನುವವರು ಎರಡು ಕಡೆಯೂ ಸಿಗುತ್ತಾರೆ. ಹೊರಗೆ ಹೋದರೆ ನಿಯಮ ಮುರಿದ ಹಾಗೂ ಆಯಿತು, ಹಣದ ಭದ್ರತೆಯೂ ಹೋಯಿತು. ನಾನು ಒಬ್ಬರಿಗೂ ಉತ್ತರ ಕೊಡಲಿಲ್ಲ.

ಮೂರನೆಯದು ಚಿಲ್ಲರೆ ಕೆಲಸ. ಅಮೆಜಾನ್ 2005ರಲ್ಲಿ ಶುರು ಮಾಡಿದ ಮೆಕ್ಯಾನಿಕಲ್ ಟರ್ಕ್ ಥರದವು: ಚಿತ್ರ ಗುರುತಿಸು, ಸಾಲು ವಿಂಗಡಿಸು. ಆ ಹೆಸರು ಬಂದದ್ದು 1770ರ ಒಂದು ಚದುರಂಗ ಆಡುವ ‘ಯಂತ್ರ’ದಿಂದ. ಒಳಗೆ ಒಬ್ಬ ಮನುಷ್ಯ ಮುದುಡಿಕೊಂಡು ಕೂತು ಆಡುತ್ತಿದ್ದ. ಒಂದು ವಾರ ಈ ಕೆಲಸ ಮಾಡಿದ ಮೇಲೆ ಅವನ ಬೆನ್ನುನೋವು ನನಗೆ ಅರ್ಥ ಆಯಿತು. ಕೆಲಸ ಅಸಲಿ, ಹಣ ಬರುತ್ತೆ, ಆದರೆ ಗಂಟೆಗೆ ಭಾಗಿಸಿ ನೋಡಬಾರದು. ನಾವು ಮಾಡಿದ್ದನ್ನು ಕೆಲಸ ಕೊಟ್ಟವರು ತಿರಸ್ಕರಿಸಿದರೆ ಅದೂ ಇಲ್ಲ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಆಡಿಯೋ ಕೇಳಿ ಬರೆಯುವ ಟ್ರಾನ್ಸ್‌ಕ್ರಿಪ್ಷನ್. ಒಂದು ಗಂಟೆಯ ಧ್ವನಿಗೆ ನಾಲ್ಕು ಗಂಟೆ ಅಂತ ಆ ಕೆಲಸದವರೇ ಹೇಳುತ್ತಾರೆ, ಹೊಸಬಳಾದ ನನಗೆ ಆರು ಹಿಡಿಯಿತು. ಒಂದು ರೆಕಾರ್ಡಿಂಗ್‌ನಲ್ಲಿ ಇಬ್ಬರು ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು, ಹಿಂದೆ ಫ್ಯಾನ್ ಸದ್ದು. ‘ಫಿಫ್ಟೀನ್’ ಅಂದರೋ ‘ಫಿಫ್ಟಿ’ ಅಂದರೋ ಅಂತ ಅದೇ ಎರಡು ಸೆಕೆಂಡನ್ನು ಹದಿನೆಂಟು ಸಲ ಕೇಳಿದೆ. ಹದಿನೈದು ಅಂತ ಬರೆದೆ. ಐವತ್ತಂತೆ. ಆದರೂ ಇಲ್ಲಿಗೆ ಸೇರಲು ಪರೀಕ್ಷೆ ಇತ್ತು, ಮೊದಲ ಸಲ ಫೇಲ್ ಕೂಡ ಆಗಿದ್ದೆ. ‘ಏನು ಕೇಳಿದರು’ ಕಾಲಂನಲ್ಲಿ ಮೊದಲ ಬಾರಿ ಏನಾದರೂ ಬರೆಯುವಷ್ಟಾಯಿತು.

ನಾಲ್ಕನೇ ದಾರಿ ಬೇಗ ಹೇಳಿ ಮುಗಿಸುತ್ತೇನೆ. ರಿಮೋಟ್ ಕೆಲಸಗಳಿಗೆಂದೇ ಇರುವ ತಾಣಗಳು. 2007ರಲ್ಲಿ ಶುರುವಾದ ಫ್ಲೆಕ್ಸ್‌ಜಾಬ್ಸ್ ಹುಡುಕುವವರಿಂದಲೇ ಚಂದಾ ತೆಗೆದುಕೊಳ್ಳುತ್ತೆ, ಬದಲಿಗೆ ಪ್ರತಿ ಕೆಲಸವನ್ನೂ ಪರಿಶೀಲಿಸಿ ಹಾಕುತ್ತೆ. ವಿ ವರ್ಕ್ ರಿಮೋಟ್ಲಿಯಲ್ಲಿ ಕೆಲಸ ಹಾಕಲು ಕಂಪನಿಗಳೇ ಹಣ ಕೊಡಬೇಕು. ಕೆಲಸಕ್ಕಾಗಿ ಹಣ ಕೊಡಬಾರದು ಅಂತೀವಿ, ಇಲ್ಲಿ ಕೊಡಬಹುದಾ? ಪಟ್ಟಿ ನೋಡಲು ಕೊಡುವುದು ಬೇರೆ, ಕೆಲಸ ಕೊಡಿಸಲು ಕೊಡುವುದು ಬೇರೆ. ಒಂದು ತಿಂಗಳ ಚಂದಾ ಸಾಕು. ಕಸ ಕಡಿಮೆ, ನಿಜ. ಆದರೆ ನನ್ನ ಮಟ್ಟದ ಕೆಲಸವೂ ಕಡಿಮೆ.

ಕೊನೆಯದು ನನ್ನ ಕೈ ಹಿಡಿದದ್ದು. ನಾನು ಆಗಲೇ ಬಳಸುತ್ತಿದ್ದ ಆ್ಯಪ್‌ಗಳು, ಸಣ್ಣ ಸಾಫ್ಟ್‌ವೇರ್ ಕಂಪನಿಗಳು, ಹೀಗೆ 14 ಹೆಸರು ಬರೆದುಕೊಂಡು ನೇರ ಮೇಲ್ ಕಳಿಸಿದೆ. ಬಯೋಡೇಟಾ ಮಾತ್ರ ಅಲ್ಲ. ಅವರ ಸಹಾಯ ಪುಟದಲ್ಲಿ ಅರ್ಥವಾಗದ ಒಂದು ಉತ್ತರ ಆರಿಸಿ, ಅದನ್ನು ನಾನೇ ತಿದ್ದಿ ಬರೆದು ಜೊತೆಗಿಟ್ಟೆ. ಒಂದೊಂದಕ್ಕೂ ಅರ್ಧ ದಿನ. ಐದು ಉತ್ತರ ಬಂದವು, ಐದೂ ಮನುಷ್ಯರು ಬರೆದದ್ದು. ಒಂದು ಕಡೆ ಹತ್ತು ಸಿಟ್ಟಿನ ಮೇಲ್ ಕೊಟ್ಟು ಉತ್ತರ ಬರೆಯಿರಿ ಅಂದರು, ಆ ಪರೀಕ್ಷೆಗೂ ಹಣ ಕೊಟ್ಟರು. ಎರಡು ವಿಡಿಯೋ ಕಾಲ್, ಹಳೇ ಕೆಲಸದವರ ಹತ್ತಿರ ವಿಚಾರಣೆ, ಆಮೇಲೆ ಕಾಂಟ್ರಾಕ್ಟ್. 23 ದಿನ ಹಿಡಿಯಿತು. ಕಾಲಂನಲ್ಲಿ ಅರ್ಧ ಪುಟ ತುಂಬಿತ್ತು.

ಇದಕ್ಕೂ ಕೊರತೆ ಇದೆ. ಇವತ್ತೇ ಹಣ ಬೇಕು ಅನ್ನುವವರಿಗೆ ಇದು ಆಗಲ್ಲ. ಅವರಿಗೆ ಬೆಳಿಗ್ಗೆ ಟ್ರಾನ್ಸ್‌ಕ್ರಿಪ್ಷನ್, ಮಧ್ಯಾಹ್ನ ಅಪ್‌ವರ್ಕ್‌ನಲ್ಲಿ ಒಂದೇ ಒಂದು ಒಳ್ಳೆಯ ಅರ್ಜಿ, ಉಳಿದ ಹೊತ್ತು ನೇರ ಮೇಲ್ ಅಂತ ಹೇಳುತ್ತೇನೆ. ಲಿಂಕ್ಡ್‌ಇನ್ ಅನ್ನು ಕಂಪನಿಗಳ ಹೆಸರು ಹೆಕ್ಕಲು ಮಾತ್ರ ಬಳಸಿ. ಫೈವರ್ ಅಂಗಡಿ ಇನ್ನೂ ಮುಚ್ಚಿಲ್ಲ. ಹೋದ ವಾರ ಯಾರೋ ನಾಲ್ಕು ನಿಮಿಷದ ವಿಡಿಯೋಗೆ ಸಬ್‌ಟೈಟಲ್ ಕೇಳಿಕೊಂಡು ಬಂದರು. ಅದರಲ್ಲೂ ಹಿಂದೆ ಫ್ಯಾನ್ ಓಡುತ್ತಿತ್ತು.