ನೈರೋಬಿಯಲ್ಲಿ ಓಡುವವರೇ, 'ಸೇಫ್ ರನ್' ಪ್ಯಾಕೇಜ್ ಅಂತ ಯಾರಿಗೂ ದುಡ್ಡು ಕಳಿಸಬೇಡಿ

ಆಫೀಸ್ ಕೆಲಸಕ್ಕೆ ಅಂತ ಕೀನ್ಯಾಕ್ಕೆ ಹೋಗಿಬರುವ ನಮ್ಮವರು ಬಹಳ ಜನ ಇದ್ದಾರೆ. ಔಷಧಿ ಕಂಪನಿಯವರು, ಸಾಫ್ಟ್‌ವೇರ್‌ನವರು, ಬ್ಯಾಂಕಿನವರು. ಅವರಲ್ಲಿ ಬೆಳಗ್ಗೆ ಎದ್ದು ಓಡುವ ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ದುಡ್ಡು ಹೋದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ನಮ್ಮ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು, ಕಾಪಾಡುತ್ತೇವೆ ಅಂತ ಮಾತು ಕೊಟ್ಟು, ಕೊನೆಗೆ ನಿಜವಾಗಿ ಹೆದರಬೇಕಾದ ಜಾಗಕ್ಕೇ ಕರೆದುಕೊಂಡು ಹೋದರಲ್ಲ, ಸಿಟ್ಟು ಅದಕ್ಕೆ.

ನಾನು ಇಳಿದುಕೊಂಡದ್ದು ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಒಂದು ಸರ್ವಿಸ್ ಅಪಾರ್ಟ್‌ಮೆಂಟ್‌ನಲ್ಲಿ. ರಿಸೆಪ್ಷನ್ ಮೇಜಿನ ಮೇಲೆ ಒಂದು ಕಾರ್ಡ್ ಇತ್ತು. ಬಿಸಿನೆಸ್ ಪ್ರಯಾಣಿಕರಿಗೆ ಸುರಕ್ಷಿತ ಓಟ, ಕರೂರಾ ಕಾಡಿನಲ್ಲಿ ಹತ್ತು ಕಿಲೋಮೀಟರ್, ಪಿಕಪ್, ಗೈಡ್, ಹಿಂದೆ ಗಾಡಿ, ಎಂಟ್ರಿ ಟಿಕೆಟ್, ನೀರು, ಎಲ್ಲ ಸೇರಿ ಇಷ್ಟು ಅಂತ. ಕೆಳಗೆ ವಾಟ್ಸಾಪ್ ನಂಬರ್. ಪಕ್ಕದಲ್ಲಿ ಓಡುತ್ತಿರುವ ಹುಡುಗ ಪ್ಲಾಸ್ಟಿಕ್ ನೀರಿನ ಬಾಟಲಿ ಹಿಡಿದಿರುವ ಚಿತ್ರ. ಆ ಬಾಟಲಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೇಳುತ್ತೇನೆ.

ಹೊಸ ಊರಿಗೆ ಕೆಲಸಕ್ಕೆ ಹೋದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಂಟಿಯಾಗಿ ನಡೆಯಬೇಡಿ, ಕತ್ತಲಲ್ಲಿ ಹೊರಗೆ ಹೋಗಬೇಡಿ, ಫೋನ್ ಕೈಯಲ್ಲಿ ಹಿಡಿದು ಓಡಾಡಬೇಡಿ ಅಂತ ಹೋಗುವ ಮೊದಲೇ ಆಫೀಸಿನವರು ತಲೆ ತುಂಬಿ ಕಳಿಸಿರುತ್ತಾರೆ. ದಿನವಿಡೀ ಮೀಟಿಂಗ್, ಮಧ್ಯೆ ಟ್ರಾಫಿಕ್‌ನಲ್ಲಿ ಕೂತು ಕೂತು ಕಾಲು ಜೋಮು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್‌ನಲ್ಲಿ ಓಡದೆ ನನ್ನ ದಿನ ಶುರುವಾಗುವುದೇ ಇಲ್ಲ. ಹಾಗಾಗಿ ಆ ನಂಬರ್‌ಗೆ ಮೆಸೇಜ್ ಮಾಡಿ ವಿಚಾರಿಸಿದೆ. ವಿಚಾರಿಸದೆ ಕಳಿಸಲಿಲ್ಲ, ನೆನಪಿರಲಿ. ನಾನೇ ಟ್ಯಾಕ್ಸಿ ಮಾಡಿಕೊಂಡು ಕರೂರಾಕ್ಕೆ ಹೋಗಬಹುದಲ್ವಾ ಅಂತ ನೇರವಾಗಿ ಕೇಳಿದೆ.

ಉತ್ತರ ಹೀಗಿತ್ತು: "ಇಲ್ಲ ಮೇಡಂ. ಗೈಡ್ ಇಲ್ಲದೆ ವಿದೇಶದವರನ್ನು ಒಳಗೆ ಬಿಡುವುದಿಲ್ಲ. ಒಳಗೆ ಕಳ್ಳರಿದ್ದಾರೆ. ಆ ಕಾಡಿನಲ್ಲಿ ಹೆಣ ಸಿಗುತ್ತಿತ್ತು, ಬೇಕಾದರೆ ಯಾರನ್ನಾದರೂ ಕೇಳಿ."

ಕೇಳಿದೆ ಕೂಡ. ಹಳಬರೊಬ್ಬರು ಹೌದು, ಒಂದು ಕಾಲದಲ್ಲಿ ಹಾಗೇ ಇತ್ತು ಅಂದರು. ಇಲ್ಲೇ ಇರುವುದು ಮೋಸ. ಅರ್ಧ ನಿಜ ಹೇಳಿದರೆ ಉಳಿದ ಅರ್ಧ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ.

ಬುಕ್ಕಿಂಗ್ ಅಂದರೆ ಎಲ್ಲ ಕಡೆ ಅರ್ಧ ಮೊದಲು, ಅರ್ಧ ಆಮೇಲೆ ಅಲ್ವಾ. ಇವರು ಕಾಡಿನ ಟಿಕೆಟ್ ಮೊದಲೇ ತೆಗೆಯಬೇಕು ಅಂತ ಪೂರ್ತಿ ಕೇಳಿದರು. 11,500 ಶಿಲಿಂಗ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 8,000 ರೂಪಾಯಿ. ಅಲ್ಲಿ ತರಕಾರಿ ಮಾರುವವರಿಂದ ಹಿಡಿದು ದೊಡ್ಡ ಅಂಗಡಿಯವರೆಗೂ ಎಲ್ಲರೂ ದುಡ್ಡು ತೆಗೆದುಕೊಳ್ಳುವುದು ಫೋನಿನಲ್ಲಿ, ಎಂ-ಪೆಸಾ ಮೂಲಕ. ವ್ಯಾಪಾರ ಮಾಡುವವರಿಗೆ ಟಿಲ್ ನಂಬರ್ ಅಂತಲೋ ಪೇಬಿಲ್ ಅಂತಲೋ ಇರುತ್ತದೆ. ಅದನ್ನೂ ಕೇಳಿದೆ. "ಇವತ್ತು ಟಿಲ್ ಕೆಲಸ ಮಾಡುತ್ತಿಲ್ಲ ಮೇಡಂ, ಈ ನಂಬರ್‌ಗೇ ಹಾಕಿ" ಅಂದರು. ದುಡ್ಡು ಹೋದ ಮೇಲೆ ಬಂದ ಮೆಸೇಜ್‌ನಲ್ಲಿ ಕಂಪನಿ ಹೆಸರಿಲ್ಲ, ಯಾವುದೋ ಒಬ್ಬ ವ್ಯಕ್ತಿಯ ಹೆಸರು. ಕೇಳಿದರೆ ಅಕೌಂಟೆಂಟ್ ಅಂದರು. ಎಲ್ಲದಕ್ಕೂ ಉತ್ತರ ರೆಡಿ ಇತ್ತು. ಎಲ್ಲದಕ್ಕೂ!

ಬೆಳಗ್ಗೆ ಐದೂಕಾಲಿಗೆ ಗೇಟಿನ ಹತ್ತಿರ ಇರಿ ಅಂದಿದ್ದರು. ಇದ್ದೆ. ಗಾಡಿ ಬರಲಿಲ್ಲ. ಒಬ್ಬ ಹುಡುಗ ಬೋಡಾ ಬೋಡಾದಲ್ಲಿ, ಅಂದರೆ ಅಲ್ಲಿನ ಬಾಡಿಗೆ ಬೈಕಿನಲ್ಲಿ, ಬಂದು ಇಳಿದ. ಕಾರ್ಡಿನಲ್ಲಿದ್ದ ಹುಡುಗ ಅಲ್ಲ. ಗಾಡಿ ಹಿಂದೆ ಬರುತ್ತಿದೆ, ಅಲ್ಲಿಯವರೆಗೆ ವಾರ್ಮ್ ಅಪ್‌ಗೆ ಸ್ವಲ್ಪ ಓಡೋಣ ಅಂದ. ವಯಾಕಿ ವೇ ಪಕ್ಕ ಓಡಲು ಶುರು ಮಾಡಿದೆವು. ಐದೇ ನಿಮಿಷಕ್ಕೆ ಅವನಿಗೆ ಫೋನ್ ಬಂತು. ಮಾತಾಡಿ ಮುಗಿಸಿ ನನ್ನ ಕಡೆ ತಿರುಗಿ, ಮರ ಬಿದ್ದಿದೆ, ಕರೂರಾ ಇವತ್ತು ಕ್ಲೋಸ್, ಅರ್ಬೋರೇಟಂಗೆ ಹೋಗೋಣ ಮೇಡಂ, ಅದೂ ಚೆನ್ನಾಗಿದೆ ಅಂದ. ಅರ್ಬೋರೇಟಂ ಅಂದರೆ ಬಗೆಬಗೆಯ ಮರಗಳನ್ನು ಬೆಳೆಸಿರುವ ಅಲ್ಲಿನ ಪಾರ್ಕು.

ಆ ರಸ್ತೆ ನೋಡದವರಿಗೆ ಹೇಳುತ್ತೇನೆ. ಮೇಲೆ 2022ರಲ್ಲಿ ಶುರುವಾದ ಎಕ್ಸ್‌ಪ್ರೆಸ್‌ವೇ, ಕೆಳಗೆ ಕಂಬಗಳ ಸಾಲು, ಲಾರಿ, ಬಸ್ಸು, ಮಟಾಟು ವ್ಯಾನು. ಫುಟ್‌ಪಾತ್ ಇದ್ದಕ್ಕಿದ್ದಂತೆ ನಿಂತುಹೋಗಿ ಚರಂಡಿ ಸಿಗುತ್ತದೆ. ಇನ್ನೂ ಕತ್ತಲು. ಎದುರಿನಿಂದ ಹೆಡ್‌ಲೈಟ್ ಇಲ್ಲದ ಬೈಕು ಫುಟ್‌ಪಾತ್ ಮೇಲೇ ಬರುತ್ತದೆ. ನೈರೋಬಿ ಇರುವುದು 1,800 ಮೀಟರ್ ಎತ್ತರದ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಬೆಂಗಳೂರಿನ ಎರಡರಷ್ಟು. ಹೋದ ಹೊಸದರಲ್ಲಿ ಯಾರಿಗಾದರೂ ಏದುಸಿರು ಬರುತ್ತದೆ. ನನಗೂ ಬಂತು. ಸ್ವಲ್ಪ ನಿಧಾನ ಅಂತ ಕೂಗಿದೆ. ಗೈಡ್ ಅನ್ನಿಸಿಕೊಂಡವನು ತಿರುಗಿಯೂ ನೋಡದೆ ಮುಂದೆ ಹೋಗುತ್ತಿದ್ದ. ಮ್ಯೂಸಿಯಂ ಹಿಲ್ ಹತ್ತಿರ ಅವನು ಕಣ್ಣಿಗೇ ಕಾಣಲಿಲ್ಲ. ಆ ಕತ್ತಲಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಸುರಕ್ಷತೆಗೆ ಅಂತ ದುಡ್ಡು ಕೊಟ್ಟು ನಾನು ಒಬ್ಬಳೇ ನಿಂತಿದ್ದೆ.

ಆಮೇಲೆ ಸಿಕ್ಕಿದ. ಸ್ಟೇಟ್ ಹೌಸ್ ರೋಡ್‌ಗೆ ತಿರುಗಿದೆವು. ಅಲ್ಲಿ ಇಬ್ಬರು ಅಡ್ಡ ಬಂದರು. ಯೂನಿಫಾರ್ಮ್ ಇಲ್ಲ, ಜಾಕೆಟ್. ಒಬ್ಬನ ಕೈಯಲ್ಲಿ ವಾಕಿಟಾಕಿ, ಇನ್ನೊಬ್ಬ ಯಾವುದೋ ಕಾರ್ಡ್ ತೋರಿಸಿದಂತೆ ಮಾಡಿ ಜೇಬಿಗೆ ಹಾಕಿಕೊಂಡ. ಅಧ್ಯಕ್ಷರ ಮನೆ ಇರುವ ರಸ್ತೆ ಇದು, ಇಲ್ಲಿ ಫೋನ್ ಹಿಡಿದು ಓಡುತ್ತಿದ್ದೀಯ, ವಿಡಿಯೋ ಮಾಡಿದ್ದೀಯ, 10,000 ಶಿಲಿಂಗ್ ದಂಡ, ಇಲ್ಲದಿದ್ದರೆ ಸ್ಟೇಷನ್ ಅಂದ. ನನ್ನ ಫೋನ್ ಸೊಂಟದ ಪೌಚಿನಲ್ಲಿತ್ತು. ಹೊರಗೇ ತೆಗೆದಿರಲಿಲ್ಲ. ಹಾಗಂತ ಹೇಳಿದೆ. ಯಾರು ಕೇಳುತ್ತಾರೆ?

ಆಗ ಒಂದು ಮಾತು ಕಿವಿಗೆ ಬಿತ್ತು. ಆ ಜಾಕೆಟ್‌ನವನು ಗೈಡ್‌ನನ್ನು ಹೆಸರು ಹಿಡಿದು ಕರೆದ. ಗೈಡ್ ಅಲ್ಲಿಯವರೆಗೆ ಬಾಯೇ ಬಿಟ್ಟಿರಲಿಲ್ಲ. ನಾನೂ ಅವನ ಹೆಸರು ಹೇಳಿರಲಿಲ್ಲ. ಕರೆಸಿಕೊಂಡವನು ನೆಲ ನೋಡುತ್ತಾ, "ಏನಾದರೂ ಕೊಟ್ಟುಬಿಡಿ ಮೇಡಂ, ಇಲ್ಲಿಗೇ ಮುಗಿಯುತ್ತದೆ" ಅಂದ. ನನ್ನ ಪರವಾಗಿ ನಿಲ್ಲಬೇಕಾದವನು! 3,000 ಶಿಲಿಂಗ್ ಕೊಟ್ಟೆ. ಆ ಜಾಗದಲ್ಲಿ ಯಾರೇ ಇದ್ದರೂ ಕೊಡುತ್ತಿದ್ದರು. ಟ್ಯಾಕ್ಸಿ ಕರೆಸಿ ರೂಮಿಗೆ ಬಂದೆ. ಬಾಗಿಲು ಹಾಕಿಕೊಂಡ ಮೇಲೂ ಕೈ ನಡುಗುತ್ತಿತ್ತು.

ಆದರೆ ಪೂರ್ತಿ ಮೋಸ ಹೋಗಿದ್ದೇನೆ ಅಂತ ಗೊತ್ತಾಗಿದ್ದು ಅವತ್ತಲ್ಲ. ಆ ಭಾನುವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ಸುಮ್ನೆ ಬನ್ನಿ ಅಂತ ಕರೂರಾಕ್ಕೆ ಕರೆದುಕೊಂಡು ಹೋದರು. ಲಿಮುರು ರೋಡ್ ಕಡೆಯ ಗೇಟು. ಬೋರ್ಡ್‌ನಲ್ಲಿ ದೊಡ್ಡದಾಗಿ ಬರೆದಿತ್ತು, ಬೆಳಗ್ಗೆ ಆರರಿಂದ ಸಂಜೆ ಆರು. ಆರರಿಂದ! ನನ್ನನ್ನು ಐದೂಕಾಲಿಗೆ ನಿಲ್ಲಿಸಿದ್ದು ಯಾವ ಕಾಡಿಗೆ ಕರೆದುಕೊಂಡು ಹೋಗಲು? ಗೇಟಿನಲ್ಲಿದ್ದವರನ್ನು ಕೇಳಿದೆ, ಈ ವಾರ ಮರ ಬಿದ್ದು ಮುಚ್ಚಿದ್ದಿರಾ ಅಂತ. ಇಲ್ಲವಲ್ಲ, ದಿನಾ ತೆಗೆದೇ ಇತ್ತು ಅಂದರು. ವಿದೇಶದವರಿಗೆ ಗೈಡ್ ಕಡ್ಡಾಯವಾ ಅಂತ ಕೇಳಿದೆ. ಯಾರು ಹಾಗೆ ಹೇಳಿದ್ದು ಅಂತ ಅವರೇ ನನ್ನನ್ನು ಕೇಳಿದರು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರು ನಗುತ್ತಿದ್ದರು. ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಆಮೇಲೆ ಬ್ಯಾಗ್ ನೋಡಿದರು. ನಾನು ತಂದಿದ್ದ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಒಳಗೆ ಬಿಡಲಿಲ್ಲ. ಕೀನ್ಯಾದ ನ್ಯಾಷನಲ್ ಪಾರ್ಕು, ಕಾಡುಗಳಲ್ಲಿ 2020ರ ಜೂನ್ 5ರಿಂದ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ. ನನಗೆ ಆ ಕಾರ್ಡಿನ ಚಿತ್ರ ಕಣ್ಣ ಮುಂದೆ ಬಂತು. ಬಾಟಲಿ ನೀರು ಉಚಿತ ಅಂದಿದ್ದರು. ಅಂದರೆ ಆ ಜನ ಒಬ್ಬರನ್ನೂ ಈ ಗೇಟಿನ ಒಳಗೆ ಕರೆದುಕೊಂಡು ಬಂದವರೇ ಅಲ್ಲ. ಒಂದು ಸಲ ಬಂದಿದ್ದರೂ ಆ ಚಿತ್ರ ಹಾಕುತ್ತಿರಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅಲ್ಲಿ, ಆ ಗೇಟಿನಲ್ಲಿ, ಬಾಟಲಿ ಕೈಯಲ್ಲಿ ಹಿಡಿದು ನಿಂತಾಗ.

ಒಳಗೆ ಏನಿದೆ ಗೊತ್ತಾ? ಸುಮಾರು ಸಾವಿರ ಹೆಕ್ಟೇರ್ ಕಾಡು, ಊರಿನ ಮಧ್ಯದಲ್ಲೇ. ಸುತ್ತ ವಿದ್ಯುತ್ ಬೇಲಿ, ಓಡಾಡುವ ಗಾರ್ಡ್‌ಗಳು. ದಾರಿ ಕೂಡುವ ಕಡೆಯಲ್ಲೆಲ್ಲ ನಂಬರ್ ಬರೆದ ಕಂಬ. ಕೆಂಪು ಮಣ್ಣಿನ ದಾರಿ, ನಮ್ಮ ಮಲೆನಾಡಿನ ಕಡೆಯ ಮಣ್ಣಿನ ಹಾಗೆ. ವಯಸ್ಸಾದ ಹೆಂಗಸರು ನಡೆಯುತ್ತಿದ್ದರು. ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಪಾರ್ಕ್‌ಲ್ಯಾಂಡ್ಸ್ ಕಡೆಯ ಗುಜರಾತಿ ಕುಟುಂಬಗಳು ತಿಂಡಿ ಡಬ್ಬಿ ಸಮೇತ ಬಂದಿದ್ದವು. ಒಬ್ಬೊಬ್ಬರೇ ಓಡುತ್ತಿದ್ದ ಹೆಂಗಸರು ಎಷ್ಟೋ ಜನ. ಹೊರದೇಶದವರಿಗೆ ಟಿಕೆಟ್ ಜಾಸ್ತಿ, ನಿಜ. ಆದರೂ ನಾನು ಕೊಟ್ಟ ದುಡ್ಡಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಈ ಕಾಡು ಉಳಿದ ಕಥೆಯನ್ನೂ ಆ ಸಹೋದ್ಯೋಗಿಯೇ ಹೇಳಿದರು. 1990ರ ದಶಕದ ಕೊನೆಗೆ ಇದನ್ನು ತುಂಡು ಮಾಡಿ ಬಿಲ್ಡರ್‌ಗಳಿಗೆ ಹಂಚಲು ಹೊರಟಿದ್ದರು. ಕೀನ್ಯಾದ ಪರಿಸರ ಹೋರಾಟಗಾರ್ತಿ ವಾಂಗಾರಿ ಮಾಥಾಯ್ ಮತ್ತು ಅವರ ಜೊತೆಗಾರರು ಸಸಿ ನೆಡಲು ಹೋದಾಗ, 1999ರ ಜನವರಿಯಲ್ಲಿ, ಬಾಡಿಗೆ ಗೂಂಡಾಗಳು ಹೊಡೆದರು. ಮಾಥಾಯ್ ಅವರ ತಲೆಗೇ ಏಟು ಬಿತ್ತು. ಅವರಿಗೇ 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು. ಕಾಡು ಉಳಿಯಿತು, ಆದರೆ ಆಮೇಲೂ ವರ್ಷಗಟ್ಟಲೆ ಜನ ಒಳಗೆ ಹೋಗಲು ಹೆದರುತ್ತಿದ್ದರು. ಬೇಲಿ ಬಂದು, ಸುತ್ತಲಿನ ಊರಿನವರನ್ನೇ ಸೇರಿಸಿಕೊಂಡು ಕಾವಲು ಶುರುವಾದ ಮೇಲೆ ಎಲ್ಲರೂ ಬರುವಂತಾಯಿತು. ಅಷ್ಟು ಜನ ಏಟು ತಿಂದು ಉಳಿಸಿದ ಜಾಗದ ಹಳೆಯ ಕೆಟ್ಟ ಹೆಸರನ್ನು ಇವರು ಮಾರಿಕೊಂಡು ತಿನ್ನುತ್ತಿದ್ದಾರೆ.

ವಾಪಸ್ ಬಂದು ಮೆಸೇಜ್ ಮಾಡಿದೆ. ಅವರ ಉತ್ತರಗಳನ್ನು ಹಾಗೇ ಹಾಕುತ್ತಿದ್ದೇನೆ, ನೋಡಿ.

ಕರೂರಾ ಅಂತ ಹೇಳಿ ಯಾಕೆ ಕರೆದುಕೊಂಡು ಹೋಗಲಿಲ್ಲ? "ಕಾರ್ಡ್ ಸರಿಯಾಗಿ ಓದಿ ಮೇಡಂ. ಕರೂರಾ ಅಥವಾ ಅಂಥದ್ದೇ ಹಸಿರು ರೂಟ್ ಅಂತ ಇದೆ."

ವಯಾಕಿ ವೇ ಹಸಿರು ರೂಟಾ? "ಕೊನೆಗೆ ಅರ್ಬೋರೇಟಂ ಇತ್ತು. ಮಧ್ಯದಲ್ಲಿ ಓಟ ನಿಲ್ಲಿಸಿದ್ದು ನೀವು."

ಗಾಡಿ ಎಲ್ಲಿ? "ಟ್ರಾಫಿಕ್." ಬೆಳಗಿನ ಜಾವ ಐದು ಗಂಟೆಗೆ!

ಗೈಡ್‌ಗೆ ಆ ಇಬ್ಬರು ಹೇಗೆ ಗೊತ್ತು? "ಗೈಡ್ ನಮ್ಮ ಕೆಲಸದವನಲ್ಲ, ಪಾರ್ಟ್‌ನರ್. ಪೊಲೀಸರ ವಿಷಯಕ್ಕೂ ನಮಗೂ ಸಂಬಂಧ ಇಲ್ಲ."

ಕೊನೆಗೆ ಬಂದದ್ದು ಇದು: "ನಿಮಗೆ ಏನೂ ಆಗಲಿಲ್ಲ ಅಲ್ವಾ ಮೇಡಂ? ಸೇಫಾಗಿ ರೂಮಿಗೆ ತಲುಪಿದ್ದೀರಿ. ಅಂದ ಮೇಲೆ ಸರ್ವಿಸ್ ಪೂರ್ತಿ ಆಗಿದೆ. ಮುಂದಿನ ಸಲ ಬಂದಾಗ ಡಿಸ್ಕೌಂಟ್ ಕೊಡುತ್ತೇವೆ."

ಇದನ್ನು ಓದಿದಾಗ ನನಗೆ ಹೇಗಾಗಿರಬೇಡ! ಸೇಫಾಗಿ ತಲುಪಿದ್ದು ನಾನು ಟ್ಯಾಕ್ಸಿ ಮಾಡಿಕೊಂಡು, ನನ್ನ ದುಡ್ಡಿನಲ್ಲಿ. ಅದನ್ನೂ ಅವರ ಲೆಕ್ಕಕ್ಕೆ ಸೇರಿಸಿಕೊಂಡರು. ದುಡ್ಡು ವಾಪಸ್ ಕೊಡಿ ಅಂದ ಮೇಲೆ ಪ್ರೊಫೈಲ್ ಫೋಟೋ ಮಾಯ, ಒಂದೇ ಟಿಕ್. ರಿಸೆಪ್ಷನ್‌ನಲ್ಲಿ ಕೇಳಿದರೆ ನಾವು ಕಾರ್ಡ್ ಇಡುತ್ತೇವೆ ಅಷ್ಟೇ, ಜವಾಬ್ದಾರಿ ನಮ್ಮದಲ್ಲ ಅಂದರು. ಮ್ಯಾನೇಜರ್ ಅಂತೂ ಬೇರೆ ಗೆಸ್ಟ್‌ಗಳೆಲ್ಲ ಖುಷಿಯಾಗಿದ್ದಾರೆ ಅಂತ ನನಗೇ ಪಾಠ ಹೇಳಿದರು.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಓಡಬೇಕಾದರೆ ಕರೂರಾಕ್ಕೆ ನೀವೇ ಹೋಗಿ. ಗೇಟಿನವರೆಗೆ ಟ್ಯಾಕ್ಸಿ ಮಾಡಿ. ಅಲ್ಲಿ ಬೆಳಕು ಹರಿಯುವುದೇ ವರ್ಷವಿಡೀ ಆರೂಕಾಲು, ಆರೂವರೆಯ ಹೊತ್ತಿಗೆ. ಅದಕ್ಕಿಂತ ಮೊದಲು ಬನ್ನಿ ಅಂತ ಯಾರು ಕರೆದರೂ ಹೋಗಬೇಡಿ. ಟಿಕೆಟ್‌ಗೆ ನೋಟು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಎಂ-ಪೆಸಾ ಇಟ್ಟುಕೊಂಡಿರಿ, ಸ್ಟೀಲ್ ಬಾಟಲಿ ಒಯ್ಯಿರಿ. ಒಳಗೆ ನಂಬರ್ ಇರುವ ದಾರಿ ಬಿಟ್ಟು ಪಕ್ಕಕ್ಕೆ ಇಳಿಯಬೇಡಿ. ಅರ್ಬೋರೇಟಂ ಕೂಡ ಒಳ್ಳೆಯ ಜಾಗವೇ, 1907ರಷ್ಟು ಹಳೆಯದು, ಆದರೆ ಬೆಳಕಿದ್ದಾಗ ಮಾತ್ರ. ಕತ್ತಲಲ್ಲಿ ರಸ್ತೆ ಪಕ್ಕ ಓಡಲೇಬೇಡಿ, ಜೊತೆಗೆ ಯಾರೇ ಇರಲಿ. ಸಂಜೆ ಏಳಕ್ಕೆಲ್ಲ ಪೂರ್ತಿ ಕತ್ತಲಾಗುತ್ತದೆ. ಯೂನಿಫಾರ್ಮ್ ಇಲ್ಲದವರು ಪೊಲೀಸ್ ಅಂತ ಬಂದರೆ ಗುರುತಿನ ಪತ್ರ ಕೇಳಿ, ಸ್ಟೇಷನ್‌ಗೇ ಹೋಗೋಣ ಅನ್ನಿ. ದಂಡ ಕಟ್ಟುವುದು ಕೋರ್ಟಿನಲ್ಲಿ, ರಸ್ತೆಯಲ್ಲಲ್ಲ. ಯಾರದೋ ಸ್ವಂತ ನಂಬರ್‌ಗೆ ದುಡ್ಡು ಹಾಕಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ನಮ್ಮ ಕಂಪನಿಯ ಟ್ರಾವೆಲ್ ಡೆಸ್ಕ್‌ಗೆ ಎಲ್ಲ ಸ್ಕ್ರೀನ್‌ಶಾಟ್ ಕಳಿಸಿ, ಆ ಅಪಾರ್ಟ್‌ಮೆಂಟ್‌ನಲ್ಲಿ ಇನ್ನು ಯಾರಿಗೂ ರೂಮ್ ಹಾಕಬೇಡಿ ಅಂತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ನೀವು ಸದ್ಯದಲ್ಲೇ ಹೊರಟಿದ್ದರೆ, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ರೂಮ್ ಬುಕ್ ಆಗಿದ್ದರೆ, ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ಅದೇ ಜಾಗವಾ ಅಲ್ಲವಾ ಹೇಳುತ್ತೇನೆ.