ಸ್ಲೈಸ್‌ಗೆ ಮದ್ದು: ಹಿಡಿತವೋ, ಹೆಡ್‌ಕವರೋ, ಟವೆಲ್ಲೋ?

ಡ್ರೈವರ್‌ನಿಂದ, ಅಂದರೆ ದೂರದ ಹೊಡೆತದ ಉದ್ದನೆಯ ಕ್ಲಬ್‌ನಿಂದ, ಹೊಡೆದ ಚೆಂಡು ನೇರವಾಗಿ ಹೊರಟಂತೆ ಕಂಡು, ನಡುದಾರಿಯಲ್ಲಿ ಬಲಕ್ಕೆ ಹೊರಳಿ ಮರಗಳ ಪಾಲಾಗುವುದು ಹವ್ಯಾಸಿ ಗಾಲ್ಫ್ ಆಟಗಾರರ ಹಳೆಯ ಕಾಯಿಲೆ. ಇದರ ಹೆಸರೇ ಸ್ಲೈಸ್. ಇದಕ್ಕೆ ಹೇಳುವ ಮದ್ದುಗಳಲ್ಲಿ ಮೂರನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದೆ: ಹಿಡಿತ ಬದಲಿಸುವುದು, ಚೆಂಡಿನ ಪಕ್ಕ ಹೆಡ್‌ಕವರ್ (ಕ್ಲಬ್‌ನ ತಲೆಗೆ ತೊಡಿಸುವ ಮೆತ್ತನೆಯ ಚೀಲ) ಇಟ್ಟು ಹೊಡೆಯುವುದು, ಕಂಕುಳಲ್ಲಿ ಟವೆಲ್ ಸಿಕ್ಕಿಸಿಕೊಳ್ಳುವುದು. ನನ್ನ ಮತ ಹಿಡಿತಕ್ಕೆ, ಆದರೆ ಅದೊಂದೇ ಸಾಲದು. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಎಡಗೈಯವರು ದಿಕ್ಕು ತಿರುಗಿಸಿ ಓದಿಕೊಳ್ಳಬೇಕು.

ಮೊದಲು ಕಾರಣ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ತಾಗುವ ಗಳಿಗೆಯಲ್ಲಿ ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಾಗುವ ಕ್ಲಬ್‌ನ ಮುಖ, ನೋಡುತ್ತಿರುವ ದಿಕ್ಕು. ಆಮೇಲೆ ಚೆಂಡು ಎಷ್ಟು ಬಾಗುತ್ತದೆ ಎಂಬುದು ಫೇಸ್‌ಗೂ ಸ್ವಿಂಗ್ ಸಾಗುವ ದಾರಿಗೂ ನಡುವಿನ ಅಂತರಕ್ಕೆ ಬಿಟ್ಟದ್ದು. ಸ್ಲೈಸ್ ಎಂದರೆ ದಾರಿಗೆ ಹೋಲಿಸಿದರೆ ಫೇಸ್ ತೆರೆದುಕೊಂಡಿದೆ, ಬಲಕ್ಕೆ ತಿರುಗಿದೆ ಎಂದರ್ಥ. ಹಾಗಾಗಿ ತಿದ್ದಬೇಕಾದ್ದು ಎರಡು, ಫೇಸ್ ಮತ್ತು ದಾರಿ. ಯಾವ ಅಭ್ಯಾಸ ಇವೆರಡರಲ್ಲಿ ಯಾವುದನ್ನು ಮುಟ್ಟುತ್ತದೆ ಎಂದು ಕೇಳಿಕೊಂಡರೆ ಅರ್ಧ ಗೊಂದಲ ತೀರುತ್ತದೆ.

ಹಿಡಿತ ಮುಟ್ಟುವುದು ಫೇಸನ್ನು. ಎಡಗೈಯನ್ನು ತುಸು ಬಲಕ್ಕೆ ಹೊರಳಿಸಿ, ಮೇಲಿನಿಂದ ನೋಡಿದಾಗ ಎರಡರಿಂದ ಮೂರು ಬೆರಳ ಗೆಣ್ಣುಗಳು ಕಾಣುವಂತೆ ಹಿಡಿಯಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಗೆರೆ ಬಲಭುಜದ ಕಡೆಗೆ ಇರಬೇಕು. ಹಿಡಿಕೆ ಅಂಗೈಯ ಮಧ್ಯದಲ್ಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಹುಕ್‌ನಿಂದ, ಅಂದರೆ ಚೆಂಡು ಎಡಕ್ಕೆ ಹೊರಳುವ ಕಾಯಿಲೆಯಿಂದ, ಬಳಲುತ್ತಿದ್ದ ಅಮೆರಿಕದ ಹೆಸರಾಂತ ಆಟಗಾರ ಬೆನ್ ಹೋಗನ್ ಇದಕ್ಕೆ ತದ್ವಿರುದ್ಧವಾಗಿ ಎಡಗೈಯ ಹಿಡಿತವನ್ನು ಎಡಕ್ಕೆ ತಿರುಗಿಸಿಕೊಂಡದ್ದನ್ನು ನೆನೆದರೆ ಹಿಡಿತದ ಬಲ ಗೊತ್ತಾಗುತ್ತದೆ. ತೊಂದರೆ ಒಂದೇ: ಮೊದಮೊದಲು ಬೇರೆ ಯಾರದೋ ಕೈಯಿಂದ ಹೊಡೆದಂತೆ ಅನ್ನಿಸುತ್ತದೆ. ಬ್ಯಾಕ್‌ಸ್ವಿಂಗ್ ಶುರುವಾಗುವ ಮೊದಲೇ ಬೆರಳುಗಳು ಸದ್ದಿಲ್ಲದೆ ಹಳೆಯ ಜಾಗಕ್ಕೆ ಜಾರುತ್ತವೆ. ಅದನ್ನು ಗಮನಿಸುತ್ತಲೇ ಇರಬೇಕು.

ಹೊಸ ಹಿಡಿತದಲ್ಲಿ ಚೆಂಡು ಬಾಗದೆ ನೇರ ಎಡಕ್ಕೆ ಹೋಗತೊಡಗಿತು. ಇದಕ್ಕೆ ಬೇಸರಿಸಿ ಹಳೆಯ ಹಿಡಿತಕ್ಕೆ ಮರಳುವವರು ಬಹಳ. ಆದರೆ ಅದು ಒಳ್ಳೆಯ ಸುದ್ದಿ: ಫೇಸ್ ಮತ್ತು ದಾರಿ ಒಂದಕ್ಕೊಂದು ಹೊಂದಿಕೊಂಡಿವೆ, ದಾರಿ ಮಾತ್ರ ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಬದಿಯಿಂದ ನಮ್ಮ ಕಡೆಗೆ, ಎಳೆಯುತ್ತಿದೆ.

ಹೆಡ್‌ಕವರ್ ಕೆಲಸಕ್ಕೆ ಬರುವುದು ಇಲ್ಲಿ. ಚೆಂಡಿಗಿಂತ ತುಸು ಹಿಂದೆ, ನಮ್ಮಿಂದ ಆಚೆಯ ಬದಿಗೆ, ಕ್ಲಬ್‌ಹೆಡ್ ನುಸುಳುವಷ್ಟು ಜಾಗ ಬಿಟ್ಟು ಅದನ್ನು ಇಡಬೇಕು. ಡೌನ್‌ಸ್ವಿಂಗ್‌ನಲ್ಲಿ ಭುಜ ಮುಂಚೆ ಮುನ್ನುಗ್ಗಿದರೆ ಕ್ಲಬ್ ಹೊರಗಿನಿಂದ ಬಂದು ‘ಧಪ್’ ಎಂದು ಅದಕ್ಕೇ ಬಡಿಯುತ್ತದೆ. ತರಬೇತುದಾರರ ಹತ್ತು ಮಾತಿಗಿಂತ ಆ ಒಂದು ಸದ್ದು ಮೈಗೆ ಬೇಗ ಅರ್ಥವಾಗುತ್ತದೆ. ನಿಧಾನದ ಅರ್ಧ ಸ್ವಿಂಗ್‌ನಿಂದ ಆರಂಭಿಸುವುದು ಕ್ಷೇಮ. ಹಿಡಿತ ತಿದ್ದದೆ ಇದನ್ನೇ ಮೊದಲು ಮಾಡಿದರೆ ಚೆಂಡು ಬಲಕ್ಕೇ ಹೊರಟು ಬಲದಲ್ಲೇ ಉಳಿಯುತ್ತದೆ. ಹೀಗಾಗಿ ನನ್ನ ಲೆಕ್ಕದಲ್ಲಿ ಹೆಡ್‌ಕವರ್ ಎರಡನೆಯದು. ಇನ್ನೊಂದು ಮಿತಿಯೆಂದರೆ, ಸುತ್ತಿನ ನಡುವೆ ನೆರವಿಗೆಂದು ನೆಲದ ಮೇಲೆ ವಸ್ತುವಿಟ್ಟು ನಿಲ್ಲಲು ಗಾಲ್ಫ್ ನಿಯಮಗಳು ಬಿಡುವುದಿಲ್ಲ. ಹಿಡಿತವಾದರೋ ಕೈಯೊಡನೆಯೇ ಅಂಗಳಕ್ಕೆ ಬರುತ್ತದೆ.

ಈ ನಡುವೆ ಡ್ರೈವರ್‌ನ ಮುಖಕ್ಕೆ ಪಾದಕ್ಕೆ ಸಿಂಪಡಿಸುವ ಪೌಡರ್ ಸ್ಪ್ರೇ ಒಮ್ಮೆ ಹಚ್ಚಿ ಹೊಡೆದು ನೋಡಿ. ಚೆಂಡಿನ ಗುರುತು ಹಿಮ್ಮಡಿಯ ಕಡೆ, ಅಂದರೆ ಶಾಫ್ಟ್‌ನ ಬದಿಗೆ ಬೀಳುತ್ತಿದ್ದರೆ, ಆ ಹೊಡೆತವೇ ಚೆಂಡಿಗೆ ಬಲಕ್ಕೆ ಬಾಗಿಸುವ ಸುತ್ತು ಕೊಡುತ್ತದೆ. ಆಗ ಹಿಡಿತವನ್ನು ಎಷ್ಟು ತಿರುಗಿಸಿದರೂ ಪ್ರಯೋಜನ ಕಡಿಮೆ. ಚೆಂಡಿನಿಂದ ಎಷ್ಟು ದೂರ ನಿಂತಿದ್ದೀರಿ, ಕೆಳಗಿಳಿಯುವಾಗ ಸೊಂಟ ಚೆಂಡಿನತ್ತ ಮುನ್ನುಗ್ಗುತ್ತಿದೆಯೇ ಎಂದು ನೋಡಬೇಕು.

ಟವೆಲ್ ಫೇಸನ್ನಾಗಲಿ ದಾರಿಯನ್ನಾಗಲಿ ನೇರವಾಗಿ ತಿದ್ದುವುದಿಲ್ಲ. ಎರಡೂ ಕಂಕುಳಲ್ಲಿ ಅದನ್ನು ಹಿಡಿದು ವೆಜ್ ಎಂಬ ಗಿಡ್ಡ ಕ್ಲಬ್‌ನಿಂದ ಸಣ್ಣ ಹೊಡೆತ ಹೊಡೆದಾಗ ತೋಳು, ಎದೆ ಒಟ್ಟಾಗಿ ತಿರುಗುತ್ತವೆ. ಚೆಂಡು ತಾಗಿದ ಮೇಲೆ ಎಡ ಮೊಣಕೈ ಮಡಚಿ ಹೊರಚಾಚುವ ಚಾಳಿ ಕಡಿಮೆಯಾಗುತ್ತದೆ. ಡ್ರೈವರ್‌ನ ಪೂರ್ಣ ಸ್ವಿಂಗ್‌ನಲ್ಲಿ ಮಾತ್ರ ಅದು ಬೀಳಲೇಬೇಕು. ಬೀಳದಂತೆ ಹೊಡೆಯಲು ಹೋದರೆ ಭುಜ ಬಿಗಿದು ವೇಗವೇ ಸಾಯುತ್ತದೆ. ಟವೆಲನ್ನು ಈಗ ಚಿಪ್ಪಿಂಗ್, ಅಂದರೆ ಸಣ್ಣ ಹೊಡೆತಗಳ, ಅಭ್ಯಾಸಕ್ಕಷ್ಟೇ ಇಟ್ಟುಕೊಂಡಿದ್ದೇನೆ.