ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ದುಡ್ಡು ಹಾಕಬೇಕು?

ಗೇಮ್ ಆಡಲು ಪಿಸಿಗೆ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಮೂಡಿಸುವ ಭಾಗ) ಕೊಳ್ಳಲು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಗಳಿಗೆ ಹೋಗುವ ಮೊದಲು ಮನೆಯ ಮಾನಿಟರ್ ನೋಡಿ. ಅದು 1080ಪಿ (1920×1080 ಚುಕ್ಕಿಗಳ ಪರದೆ), 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ) ಆಗಿದ್ದರೆ ದುಬಾರಿ ಕಾರ್ಡ್ ತಂದೂ ಪ್ರಯೋಜನ ಕಡಿಮೆ.

ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050ರ 6 ಜಿಬಿ ಮೆಮೊರಿಯ ಕಾರ್ಡ್ ಎಳೆಯುವುದು 70 ವ್ಯಾಟ್ ಅಷ್ಟೇ. ಸಾಮಾನ್ಯವಾಗಿ ಬೇರೆ ಪವರ್ ಕೇಬಲ್ ಬೇಡ. ಹಳೆಯ ಆಫೀಸ್ ಪಿಸಿಗೆ, ವ್ಯಾಲೊರಂಟ್‌ನಂಥ ಹಗುರ ಗೇಮ್ ಆಡುವವರಿಗೆ ಇಷ್ಟು ಸಾಕು.

ಆರ್‌ಟಿಎಕ್ಸ್ 4060ಕ್ಕೆ 8 ಜಿಬಿ, 115 ವ್ಯಾಟ್. 1080ಪಿಯಲ್ಲಿ ದೊಡ್ಡ ಗೇಮ್‌ಗಳೂ ಚೆನ್ನಾಗಿ ಓಡುತ್ತವೆ. ಕೆಲವು ಹೊಸ ಗೇಮ್‌ಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ವಿವರ) ಒಂದು ಹಂತ ಇಳಿಸಬೇಕಾಗುತ್ತದೆ, ಇಲ್ಲವಾದರೆ ಮೆಮೊರಿ ತುಂಬಿ ಆಟ ತಡವರಿಸುತ್ತದೆ. ಆದರೂ ಹೆಚ್ಚಿನವರು ಇಲ್ಲಿಗೇ ನಿಲ್ಲುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

1440ಪಿ (ಇನ್ನೂ ಹೆಚ್ಚು ಚುಕ್ಕಿಗಳ) ಮಾನಿಟರ್ ಇದ್ದರೆ ಮಾತ್ರ ಆರ್‌ಟಿಎಕ್ಸ್ 5060 ಟಿಐ ನೋಡಿ. ಇದೇ ಹೆಸರಲ್ಲಿ 8 ಜಿಬಿಯದೂ ಬರುತ್ತದೆ, 16 ಜಿಬಿಯದೂ ಬರುತ್ತದೆ. ಡಬ್ಬದ ಮೇಲೆ, ಬಿಲ್ಲಿನ ಮೇಲೆ 16 ಅಂತ ಇದೆಯಾ ಓದಿಕೊಂಡೇ ದುಡ್ಡು ಕೊಡಿ. ಕಾರ್ಡ್ 180 ವ್ಯಾಟ್ ಎಳೆಯುತ್ತದೆ, ಕಂಪನಿ ಕೇಳುವುದು 600 ವ್ಯಾಟ್ ಪವರ್ ಸಪ್ಲೈ. ಅದರ ಖರ್ಚೂ ಸೇರಿಸಿ ಲೆಕ್ಕ ಹಾಕಿ. ಪದೇ ಪದೇ ಕರೆಂಟ್ ಹೋಗುವ ಏರಿಯಾ ಆದರೆ ಯುಪಿಎಸ್ ಕೂಡ ನೋಡಿ: 600 ವಿಎ (ಯುಪಿಎಸ್ ಮೇಲೆ ಬರೆದಿರುವ ಅಳತೆ) ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ.